ನಿಮಗಿದು ಗೊತ್ತೇ? ಚೀಸಿನೊಳಗೆ ಪತ್ರ, ಮಲಪ್ರಭೆಯಲ್ಲಿ ಕುದುರೆ!

ಸ್ವಿಟ್ಜರ್ಲೆಂಡ್ ಅಂದ ಕೂಡಲೇ ಏನು ನೆನಪಾಗುತ್ತದೆ? ಹಿಮ, ಗಡಿಯಾರ, ಚಾಕೊಲೇಟು, ಬ್ಯಾಂಕು. ಯಾರ ಜಗಳಕ್ಕೂ ಹೋಗದ ತಣ್ಣನೆಯ ದೇಶ. ಆದರೆ ಒಂದಾನೊಂದು ಕಾಲದಲ್ಲಿ ಆ ದೇಶದಿಂದ ಹೊರಗೆ ಹೋಗುತ್ತಿದ್ದ ಬಹುಮುಖ್ಯ ಸರಕು ಯಾವುದು ಗೊತ್ತೇ? ಸೈನಿಕರು! ದುಡ್ಡು ಕೊಟ್ಟವರ ಪರವಾಗಿ ಕಾದಾಡುವ ಬಾಡಿಗೆ ಸೈನಿಕರು!

ರೋಮ್‌ನಲ್ಲಿ ಪೋಪರ ಅರಮನೆ ಬಾಗಿಲಲ್ಲಿ ಪಟ್ಟೆಪಟ್ಟೆ ಅಂಗಿ ತೊಟ್ಟು, ಈಟಿ ಹಿಡಿದು ನಿಂತವರನ್ನು ಟಿವಿಯಲ್ಲಿ ನೋಡಿದ್ದೀರಲ್ಲ? ಅವರೂ ಸ್ವಿಸ್ಸರೇ. 1506ರಿಂದ ಅಲ್ಲೇ ಇದ್ದಾರೆ. 1848ರ ಸ್ವಿಸ್ ಸಂವಿಧಾನ ಪರದೇಶಗಳಿಗೆ ದಂಡು ಒದಗಿಸುವ ಹೊಸ ಕರಾರುಗಳಿಗೆ ಬಾಗಿಲು ಮುಚ್ಚಿತು. ಪೋಪರ ಕಾವಲು ಮಾತ್ರ ಇವತ್ತಿಗೂ ಮುಂದುವರಿದಿದೆ!

ರೋಮ್ ದೂರ ಆಯಿತು ಅಂತೀರಾ? ಸರಿ, ಹತ್ತಿರ ಬನ್ನಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ದಂಡಿನಲ್ಲಿ ಇಂಗ್ಲಿಷರಿದ್ದರು, ಸ್ಕಾಟರಿದ್ದರು, ನಮ್ಮ ನೆಲದ ಸಿಪಾಯಿಗಳಿದ್ದರು. ಜೊತೆಗೆ ಒಂದು ಸ್ವಿಸ್ ರೆಜಿಮೆಂಟೂ ಇತ್ತು! ಅದರ ಹೆಸರು ಡಿ ಮ್ಯೂರಾನ್ ರೆಜಿಮೆಂಟ್.

ಊರಿನ ಹೆಸರಲ್ಲ, ರಾಜನ ಹೆಸರೂ ಅಲ್ಲ. ಮಾಲೀಕನ ಹೆಸರು! ಹೌದು, ಆ ಕಾಲದಲ್ಲಿ ರೆಜಿಮೆಂಟಿಗೂ ಮಾಲೀಕ ಇರುತ್ತಿದ್ದ. ಜನ ಕೂಡಿಸುವವನು ಅವನೇ, ಯಾರಿಗೆ ಬಾಡಿಗೆ ಕೊಡಬೇಕೆಂದು ಕರಾರು ಮಾಡಿಕೊಳ್ಳುವವನೂ ಅವನೇ. ಲಾಭ ನಷ್ಟವೆರಡೂ ಅವನದೇ!

ಆ ಮಾಲೀಕ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್. ಹುಟ್ಟಿದ್ದು 1738ರಲ್ಲಿ, ನ್ಯೂಶಾತೆಲ್ ಸೀಮೆಯಲ್ಲಿ. ಮೊದಲು ಫ್ರಾನ್ಸ್ ದೊರೆಯ ಚಾಕರಿ. 1781ರಲ್ಲಿ ಸ್ವಂತ ರೆಜಿಮೆಂಟು ಕಟ್ಟಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಗೆ ಬಾಡಿಗೆ ಕೊಟ್ಟ. 1795ರಲ್ಲಿ ಅದೇ ರೆಜಿಮೆಂಟನ್ನು ಇಂಗ್ಲಿಷರಿಗೆ ದಾಟಿಸಿ, ಅವರ ಮೇಜರ್ ಜನರಲ್ ಆದ. ಒಂದೇ ಜನ್ಮದಲ್ಲಿ ಮೂರು ದೇಶದ ಅನ್ನ!

ಇನ್ನೊಂದು ತಮಾಷೆ ಕೇಳಿ. ಇವನು ಹುಟ್ಟಿದ ನ್ಯೂಶಾತೆಲ್‌ಗೆ ಆಗ ಒಡೆಯ ಯಾರು? ಪ್ರಷ್ಯದ ದೊರೆ! ಸ್ವಿಸ್ ಕ್ಯಾಂಟನ್‌ಗಳ ಜೊತೆ ಗೆಳೆತನವಿತ್ತು, ಅಷ್ಟೇ. ನ್ಯೂಶಾತೆಲ್ ಸ್ವಿಸ್ ಒಕ್ಕೂಟಕ್ಕೆ ಸೇರುವ ಹೊತ್ತಿಗೆ ನಮ್ಮ ಡಿ ಮ್ಯೂರಾನ್ ತೀರಿಕೊಂಡೇ ಎಂಟು ವರ್ಷವಾಗಿತ್ತು. ಸ್ವಿಸ್ ರೆಜಿಮೆಂಟಿನ ಮಾಲೀಕ ಪಕ್ಕಾ ಸ್ವಿಸ್ ಪ್ರಜೆಯೇ ಆಗಿರಲಿಲ್ಲ!

ರೆಜಿಮೆಂಟು ಹಡಗು ಹತ್ತಿ ಮೊದಲು ಇಳಿದದ್ದು ಆಫ್ರಿಕದ ತುದಿಯ ಕೇಪ್‌ನಲ್ಲಿ. ಅಲ್ಲಿ ಡಚ್ಚರ ಕೋಟೆ ಕಾಯ್ದರು. ಆಮೇಲೆ ಸಿಲೋನಿಗೆ, ಅಂದರೆ ಇವತ್ತಿನ ಶ್ರೀಲಂಕಾಕ್ಕೆ. ಕೊಲಂಬೊದಲ್ಲಿ ಡಚ್ಚರ ದೊಡ್ಡ ಬಲವೇ ಇವರು. ಆ ಬಲವನ್ನು ಕಿತ್ತುಕೊಳ್ಳಲು ಇಂಗ್ಲಿಷರು ಫಿರಂಗಿ ಕಳಿಸಿದರೇ? ಇಲ್ಲ. ಒಬ್ಬ ಪ್ರೊಫೆಸರರನ್ನು ಕಳಿಸಿದರು!

ಹೌದು, ಇತಿಹಾಸದ ಮೇಷ್ಟ್ರು! ಹೆಸರು ಹ್ಯೂ ಕ್ಲೆಗಾರ್ನ್. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. 1795ರಲ್ಲಿ ಗುಟ್ಟಾಗಿ ನ್ಯೂಶಾತೆಲ್‌ಗೆ ಹೋಗಿ ಡಿ ಮ್ಯೂರಾನ್ ಮುಂದೆ ಕುಳಿತರು. ಡಚ್ಚರಿಂದ ರೆಜಿಮೆಂಟಿಗೆ ಬರಬೇಕಾದ ಬಾಕಿ ಬಹಳವಿತ್ತು. ಬಾಕಿ ನಾವು ತೀರಿಸುತ್ತೇವೆ, ಸಂಬಳ ನಾವು ಕೊಡುತ್ತೇವೆ ಅಂದರು. ವ್ಯಾಪಾರ ಕುದುರಿತು! ಒಂದು ಗುಂಡೂ ಹಾರಲಿಲ್ಲ, ಒಂದು ದಂಡು ಪಕ್ಷ ಬದಲಿಸಿತು.

ಸಹಿಯೇನೋ ಆಯಿತು. ಆದರೆ ದಂಡು ಇರುವುದು ಕೊಲಂಬೊದಲ್ಲಿ, ಮಾಲೀಕ ಇರುವುದು ದೂರದ ನ್ಯೂಶಾತೆಲ್‌ನಲ್ಲಿ! ತಂತಿ ಇಲ್ಲ, ಫೋನ್ ಇಲ್ಲ. ಮೇಷ್ಟ್ರು ಮತ್ತು ಮಾಲೀಕ ಇಬ್ಬರೂ ಹೊರಟೇಬಿಟ್ಟರು. ವೆನಿಸ್, ಈಜಿಪ್ಟ್, ಕೆಂಪು ಸಮುದ್ರ ದಾಟಿ ಮಲಬಾರ್ ಕರಾವಳಿ. ಸೂಯೆಜ್ ಕಾಲುವೆ ತೋಡುವುದಕ್ಕೆ ಇನ್ನೂ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಕಿ ಇದ್ದ ದಿನಗಳವು. ಮರಳುಗಾಡನ್ನು ನೆಲದ ಮೇಲೆಯೇ ದಾಟಬೇಕಿತ್ತು!

ಈಗ ಬಂತು ನೋಡ್ರಿ ಮಜಾ. ಕೊಲಂಬೊ ಕೋಟೆಯೊಳಗೆ ರೆಜಿಮೆಂಟಿನ ಉಸ್ತುವಾರಿ ಮಾಲೀಕನ ತಮ್ಮ ಪಿಯೆರ್ ಫ್ರೆಡರಿಕ್‌ನದು. ಅವನಿಗೆ ಸುದ್ದಿ ಮುಟ್ಟಿಸಬೇಕು, ಡಚ್ಚರಿಗೆ ಸುಳಿವು ಸಿಗಬಾರದು. ಪತ್ರವನ್ನು ಎಲ್ಲಿಟ್ಟು ಕಳಿಸಿದರಂತೆ ಗೊತ್ತೇ? ಒಂದು ಡಚ್ ಚೀಸಿನ ಗುಂಡಿನೊಳಗೆ! ಡಚ್ಚರ ಚೀಸು ಡಚ್ಚರ ಕೋಟೆಗೇ ಬಂದರೆ ಯಾರಿಗೆ ತಾನೇ ಅನುಮಾನ ಬಂದೀತು?

ತಮ್ಮ ಚೀಸು ಕೊಯ್ದ, ಅಣ್ಣನ ಪತ್ರ ಓದಿದ. ಕೊಲಂಬೊದ ಡಚ್ಚರು ಬೆಳಗಾಗುವುದರೊಳಗೆ ತಮ್ಮ ಗಟ್ಟಿ ಆಳುಗಳನ್ನೇ ಕಳೆದುಕೊಂಡ ಹಾಗಾಯಿತು. 1796ರ ಫೆಬ್ರವರಿಯಲ್ಲಿ ಊರು ಇಂಗ್ಲಿಷರ ಕೈಗೆ ಬಂತು. ಇಡೀ ದ್ವೀಪದ ಹಣೆಬರಹಕ್ಕೆ ಒಂದು ಚೀಸಿನ ಪಾಲೂ ಇದೆ ಅಂದರೆ ನಂಬಲೇಬೇಕು!

ಮುಂದಿನ ವರ್ಷ ಸಿಲೋನಿನ ಮಿಲಿಟರಿ ಗವರ್ನರ್ ಆಗಿ ಕುಳಿತವನು ಯಾರು ಹೇಳಿ? ಅದೇ ತಮ್ಮ ಪಿಯೆರ್ ಫ್ರೆಡರಿಕ್! ನಿನ್ನೆ ಡಚ್ಚರ ಕೋಟೆ ಕಾಯುತ್ತಿದ್ದವನು ಇವತ್ತು ಇಂಗ್ಲಿಷರ ಪರವಾಗಿ ಅದೇ ಊರು ಆಳಿದ!

ಮೇಷ್ಟ್ರ ಕಥೆ ಇನ್ನೂ ಮುಗಿದಿಲ್ಲ. ಕ್ಲೆಗಾರ್ನ್‌ಗೆ ಒಬ್ಬ ಮೊಮ್ಮಗ. ಹೆಸರು ಅವರದೂ ಹ್ಯೂ ಕ್ಲೆಗಾರ್ನ್. ಹುಟ್ಟಿದ್ದು 1820ರಲ್ಲಿ, ಮದ್ರಾಸಿನಲ್ಲಿ. ಓದಿದ್ದು ವೈದ್ಯಕೀಯ. ಕೆಲಸಕ್ಕೆ ಬಂದದ್ದು ಎಲ್ಲಿಗೆ? ನಮ್ಮ ಶಿವಮೊಗ್ಗಕ್ಕೆ! ಮಲೆನಾಡಿನ ಗಿಡಮರಗಳ ಹುಚ್ಚು ಹಿಡಿಸಿಕೊಂಡು, ಸ್ಥಳೀಯ ಕಲಾವಿದನ ಕೈಯಲ್ಲಿ ಗಿಡಗಳ ಚಿತ್ರ ಬರೆಸಿದರು. ಮುಂದೆ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ. ತಾತ ಚೀಸಿನಿಂದ ಹೆಸರಾದರೆ ಮೊಮ್ಮಗ ಕಾಡಿನಿಂದ!

ಮಾಲೀಕ ಡಿ ಮ್ಯೂರಾನ್‌ಗೂ ಒಂದು ಹುಚ್ಚಿತ್ತು. ಹೋದ ಹೋದ ಕಡೆ ವಿಚಿತ್ರ ವಸ್ತು ಕೂಡಿಹಾಕುವ ಹುಚ್ಚು. ಹಕ್ಕಿ, ಚಿಪ್ಪು, ದೂರದ ಜನರ ಆಯುಧ, ಏನು ಸಿಕ್ಕರೂ ಬೇಕು. 1795ರಲ್ಲಿ ಅಷ್ಟನ್ನೂ ನ್ಯೂಶಾತೆಲ್ ಊರಿಗೆ ದಾನ ಕೊಟ್ಟ. ಆ ಊರಿನ ಪ್ರಸಿದ್ಧ ಮ್ಯೂಸಿಯಮ್ಮುಗಳ ಮೂಲ ಬಂಡವಾಳ ಇದೇ! ದಂಡು ಬಾಡಿಗೆಗೆ ಬಿಟ್ಟವನ ಹೆಸರು ಅವನ ಊರಿನಲ್ಲಿ ಉಳಿದದ್ದು ಕಪಾಟಿನ ವಸ್ತುಗಳಿಂದ!

ಸಿಲೋನಿನಿಂದ ರೆಜಿಮೆಂಟು ಮದ್ರಾಸಿಗೆ, ಅಲ್ಲಿಂದ ನಾಲ್ಕನೇ ಮೈಸೂರು ಯುದ್ಧಕ್ಕೆ. ಕಾವೇರಿಯನ್ನು ಯಾವಾಗ ದಾಟಿದರು ನೋಡಿ. ಮೇ ತಿಂಗಳ ಮಟಮಟ ಮಧ್ಯಾಹ್ನ! ಊಟ ಮುಗಿಸಿ ಜನ ಅಡ್ಡಾಗುವ ಹೊತ್ತು. ಹೊಳೆಯಲ್ಲಿ ನೀರು ಕಡಿಮೆ. ಮಳೆಗಾಲ ತಲೆಯ ಮೇಲೆಯೇ ಇತ್ತು. ಹೊಳೆ ತುಂಬಿ ಬಂದಿದ್ದರೆ ಇತಿಹಾಸವೇ ಬೇರೆ ದಾರಿ ಹಿಡಿಯುತ್ತಿತ್ತೇನೋ!

ದಾಳಿಯ ಮುಂದಾಳು ಜನರಲ್ ಬೇರ್ಡ್. ಅವನಿಗೆ ಶ್ರೀರಂಗಪಟ್ಟಣ ಹೊಸ ಊರಲ್ಲ. 1780ರ ಯುದ್ಧದಲ್ಲಿ ಹೈದರಾಲಿಗೆ ಸೆರೆಸಿಕ್ಕು, ಮೂರು ವರ್ಷಕ್ಕೂ ಹೆಚ್ಚು ಕಾಲ ಇದೇ ಊರಿನ ಸೆರೆಮನೆಯಲ್ಲಿದ್ದವನು. ಕೈದಿಯಾಗಿ ಒಳಗಿದ್ದ ಕೋಟೆಗೆ ಸೇನಾಪತಿಯಾಗಿ ನುಗ್ಗಿದ!

ದಂಡು ಹೊಳೆ ದಾಟಿ ಒಡೆದ ಗೋಡೆಯ ಮೇಲೆ ಬಾವುಟ ನೆಡಲು ಹಿಡಿದದ್ದು ಕೆಲವೇ ನಿಮಿಷ. ಕೋಟೆಯ ಮುತ್ತಿಗೆ ಮಾತ್ರ ವಾರಗಟ್ಟಲೆ ನಡೆದಿತ್ತು! ಟಿಪ್ಪು ಸುಲ್ತಾನ್ ಅಂದೇ ಕೋಟೆಯ ಬಾಗಿಲ ಬಳಿ ಹೋರಾಡುತ್ತಾ ಮಡಿದ. ಆ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದು ಬೇಡ.

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡುತ್ತಾರೆ, ಗುಂಬಜ್ ನೋಡುತ್ತಾರೆ, ರಂಗನಾಥನಿಗೆ ಕೈಮುಗಿದು ಬಸ್ ಹತ್ತುತ್ತಾರೆ. ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗುವವರು ಕಡಿಮೆ. ಅಲ್ಲಿ ಸುಮಾರು 300 ಗೋರಿಗಳಿವೆ. ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ಸರೂ ಅಲ್ಲೇ ಮಲಗಿದ್ದಾರೆ. ಅವರ ಹೆಂಡಿರು ಮಕ್ಕಳೂ ಇದ್ದಾರೆ!

ಆ ಸ್ಮಶಾನ ಗಿಡಗಂಟಿ ಬೆಳೆದು ಹಾಳುಬಿದ್ದಿತ್ತು. ಸರಿಮಾಡಿಸಲು ಕೈಹಾಕಿದವರು ಯಾರು ಅಂದುಕೊಂಡಿರಿ? ಅದೇ ಡಿ ಮ್ಯೂರಾನ್ ಮನೆತನದವರು! 200 ವರ್ಷ ದಾಟಿದ ಮೇಲೆ ತಮ್ಮ ಪೂರ್ವಜರ ಸಿಪಾಯಿಗಳ ಗೋರಿ ಹುಡುಕಿಕೊಂಡು ಆಲ್ಪ್ಸ್ ನಾಡಿನಿಂದ ಮಂಡ್ಯ ಜಿಲ್ಲೆಗೆ ಬಂದರು!

ಇಷ್ಟೆಲ್ಲಾ ಆಯಿತು, ಬಾಗಲಕೋಟೆ ಕಡೆಯ ನಮ್ಮ ಶಿರೂರು ಸೀಮೆಗೂ ಇದಕ್ಕೂ ಏನು ಸಂಬಂಧ ಅಂತ ಕೇಳುತ್ತಿದ್ದೀರಲ್ಲ? ಇದೆ! ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಮನೆಯ ಬಾಗಿಲುಗಳೂ ತೆರೆದವು. ಸಂಕೋಲೆ ಕಳಚಿ ಹೊರಬಂದವರಲ್ಲಿ ಒಬ್ಬ ಕುದುರೆ ಸರದಾರ. ಚನ್ನಗಿರಿಯ ಧೋಂಡಿಯ ವಾಘ್!

ಧೋಂಡಿಯ ಹೈದರಾಲಿಯ ಅಶ್ವಪಡೆಯಲ್ಲಿ ಬೆಳೆದವನು. ಹಿಂದಿನ ಒಂದು ಮೈಸೂರು ಯುದ್ಧದ ಗದ್ದಲದಲ್ಲಿ ಜಾರಿಕೊಂಡು ಧಾರವಾಡ, ಸವಣೂರು ಕಡೆ ಸ್ವಂತ ಗುಂಪು ಕಟ್ಟಿದ. ಟಿಪ್ಪು ಕರೆಸಿಕೊಂಡ, ಮತಾಂತರಿಸಿದ, ಕೊನೆಗೆ ಸೆರೆಗೆ ಹಾಕಿದ. ಕೋಟೆ ಬಿತ್ತೆಂದು ಊರೆಲ್ಲ ಅಳುತ್ತಿದ್ದ ಗಳಿಗೆಯಲ್ಲೇ ಇವನಿಗೆ ಬಿಡುಗಡೆ!

ಹೊರಬಂದವನು ಸುಮ್ಮನೆ ಊರಿಗೆ ಹೋದನೇ? ಎಲ್ಲಿ! ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರನ್ನೆಲ್ಲ ಕೂಡಿಸಿದ. ವರ್ಷ ತುಂಬುವುದರೊಳಗೆ ಸಾವಿರಾರು ಕುದುರೆ! ತನಗೆ ತಾನೇ ಬಿರುದು ಬೇರೆ ಕೊಟ್ಟುಕೊಂಡ. ಸಣ್ಣ ಬಿರುದಲ್ಲ, ಎರಡೂ ಲೋಕಗಳ ಒಡೆಯ! ಒಂದು ಲೋಕ ಸಾಲದೇ ಹೋಯಿತು ನೋಡಿ.

ಮರಾಠಾ ಸರದಾರ ಧೋಂಡೋಪಂತ ಗೋಖಲೆಗೂ ಇವನಿಗೂ ಹಾವು ಮುಂಗುಸಿ ವೈರ. ನಿನ್ನ ರಕ್ತದಲ್ಲಿ ನನ್ನ ಮೀಸೆ ಅದ್ದುತ್ತೇನೆ ಎಂದು ಧೋಂಡಿಯ ಶಪಥ ಮಾಡಿದ್ದನಂತೆ. 1800ರ ಜೂನ್ ಕೊನೆಯಲ್ಲಿ ಕಿತ್ತೂರು ಸೀಮೆಯಲ್ಲಿ ಗೋಖಲೆ ಸಿಕ್ಕಿಬಿದ್ದು ಹತನಾದ. ಮೀಸೆಯೂ ಕೆಂಪಾಯಿತಂತೆ! ಭೀಮ, ದುಶ್ಶಾಸನರ ಕಥೆ ಕೇಳಿ ಬೆಳೆದ ಕಾಲವಲ್ಲವೇ ಅದು!

ಧೋಂಡಿಯನ ಬೆನ್ನು ಹತ್ತಿದವನು ಯಾರು? ಶ್ರೀರಂಗಪಟ್ಟಣದ ಆಡಳಿತ ಹಿಡಿದು ದರಿಯಾ ದೌಲತ್ತಿನಲ್ಲಿ ಬಿಡಾರ ಹೂಡಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್! 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು, ಬ್ರಿಟನ್ನಿನ ಪ್ರಧಾನಿಯಾದವನು. ಆ ಮಹಾಶಯ ಅದಕ್ಕೂ ಮೊದಲು ನಮ್ಮ ಕಪ್ಪುಮಣ್ಣಿನಲ್ಲಿ ಕುದುರೆಯ ಗೊರಸು ಹೂತು ಒದ್ದಾಡಿದ್ದ!

ಶಿರೂರಿನಿಂದ ದಕ್ಷಿಣಕ್ಕೆ ಹೊರಟರೆ ಮಲಪ್ರಭೆ ಸಿಗುತ್ತದೆ. ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ನಮ್ಮದೇ ಹೊಳೆ. ಬೇಟೆ ನಡೆದದ್ದು ಈ ಹೊಳೆಯ ಆಚೀಚೆ! 1800ರ ಜುಲೈ 30ರಂದು ಮುನವಳ್ಳಿ ಹತ್ತಿರ ಧೋಂಡಿಯನ ಬಿಡಾರದ ಮೇಲೆ ವೆಲ್ಲೆಸ್ಲಿ ಎರಗಿದ. ಎಷ್ಟೋ ಜನ ಹೊಳೆ ಪಾಲಾದರು.

ಮುಂಗಾರಿನ ಹೊಳೆ. ಧೋಂಡಿಯನ ಸಾಮಾನು ಸರಂಜಾಮು ಆಚೆ ದಡದಲ್ಲಿ. ಈಚೆ ದಡದಲ್ಲಿ ದೋಣಿಯೇ ಇಲ್ಲ! ಏನು ಮಾಡಿದರು? ಕೆಲವು ಸೈನಿಕರು ತುಂಬಿದ ಹೊಳೆಗೆ ಧುಮುಕಿ, ಈಜಿಹೋಗಿ, ಶತ್ರುವಿನ ದೋಣಿಯನ್ನೇ ಎಳೆದುತಂದರು. ಮಲಪ್ರಭೆಯ ಸೆಳವು ಬಲ್ಲವರು ಈ ಮಾತಿಗೆ ಹುಬ್ಬೇರಿಸದೆ ಇರಲಾರರು!

ಧೋಂಡಿಯ ಅಷ್ಟಕ್ಕೂ ಸಿಗಲಿಲ್ಲ. ಮತ್ತೆ ವಾರಗಟ್ಟಲೆ ಓಟ. ಕೊನೆಗೆ ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಸೀಮೆಯ ಕೋನಗಲ್ ಬಳಿ ಎದುರುಬದುರು. ಧೋಂಡಿಯನ ಕಡೆ ಸುಮಾರು 5000 ಸವಾರರು. ವೆಲ್ಲೆಸ್ಲಿ ಹತ್ತಿರ ಇದ್ದದ್ದು ನಾಲ್ಕೇ ಅಶ್ವ ರೆಜಿಮೆಂಟು. ಕಾಲಾಳುಗಳು ಇನ್ನೂ ಹಿಂದೆಯೇ ಇದ್ದರು. ಕಾಯದೆ, ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಗಿ ಕುದುರೆ ನುಗ್ಗಿಸಿದ!

ಇದರಲ್ಲಿ ವಿಶೇಷ ಏನು ಅಂತೀರಾ? ವೆಲ್ಲಿಂಗ್ಟನ್ ತನ್ನ ಜೀವಮಾನದಲ್ಲಿ ತಾನೇ ಮುಂದೆ ನಿಂತು ಅಶ್ವದಾಳಿ ನಡೆಸಿದ್ದು ಇದೊಂದೇ ಸಲ ಎನ್ನುತ್ತಾರೆ! ಸ್ಪೇನಿನಲ್ಲಿ ಅಲ್ಲ, ವಾಟರ್ಲೂನಲ್ಲಿ ಅಲ್ಲ. ನಮ್ಮ ಬಯಲುಸೀಮೆಯ ಜೋಳದ ನಾಡಿನಲ್ಲಿ!

ಧೋಂಡಿಯ ಅಲ್ಲೇ ಬಿದ್ದ. ಎರಡೂ ಲೋಕಗಳ ಒಡೆಯನ ದೇಹವನ್ನು ಒಂದು ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು. ಸಾಮಾನುಗಳ ನಡುವೆ ಒಬ್ಬ ಪುಟ್ಟ ಹುಡುಗ ಸಿಕ್ಕ. ವಯಸ್ಸು ಸುಮಾರು ನಾಲ್ಕು. ಧೋಂಡಿಯನ ಮಗ ಸಲಾಬತ್ ಖಾನ್!

ಆ ಹುಡುಗನನ್ನು ಏನು ಮಾಡಿದರು? ವೆಲ್ಲೆಸ್ಲಿ ತನ್ನ ಡೇರೆಗೆ ಕರೆತಂದು ಸಾಕಿದ! ಭಾರತ ಬಿಟ್ಟು ಹೋಗುವಾಗ ಅವನ ಓದು, ಊಟಕ್ಕೆಂದು ಹಣ ಇಟ್ಟು ಹೋದ. ಸಲಾಬತ್ ಬೆಳೆದು ಮೈಸೂರು ಮಹಾರಾಜರ ಚಾಕರಿಗೆ ಸೇರಿದ. 1822ರಲ್ಲಿ ಕಾಲರಾಕ್ಕೆ ತುತ್ತಾದ. ತಂದೆಯನ್ನು ಬೇಟೆಯಾಡಿದವನೇ ಮಗನಿಗೆ ಪೋಷಕ!

ಈಗ ಒಂದು ಲೆಕ್ಕಾಚಾರದ ಮಾತು. ಧೋಂಡಿಯನಂಥವರಿಗೆ ಅಷ್ಟು ಬೇಗ ಅಷ್ಟೊಂದು ಕುದುರೆ ಎಲ್ಲಿಂದ ಬಂತು? ಗುಟ್ಟು ಇಷ್ಟೇ, ಎಷ್ಟೋ ಸವಾರರು ಕುದುರೆ ಸಮೇತ ಬರುತ್ತಿದ್ದರು! ಸ್ವಂತ ಕುದುರೆ, ಸ್ವಂತ ಕತ್ತಿ ತಂದವನು ಶಿಲೇದಾರ. ಬರಿಗೈಯಲ್ಲಿ ಬಂದು ಸರ್ಕಾರದ ಕುದುರೆ ಏರಿದವನು ಬಾರಗೀರ. ಶಿಲೇದಾರನಿಗೆ ಸಂಬಳ ಜಾಸ್ತಿ, ಗತ್ತೂ ಜಾಸ್ತಿ!

ಆದರೆ ಶಿಲೇದಾರನಿಗೆ ಒಂದು ಪೀಕಲಾಟ. ಕುದುರೆ ಸತ್ತರೆ ನಷ್ಟ ಅವನದೇ. ಕುದುರೆ ಹೋದರೆ ಕೆಲಸವೂ ಹೋಯಿತು! ಹಾಗಾಗಿ ಎಷ್ಟೋ ಶಿಲೇದಾರರು ಯುದ್ಧದ ನಡುವೆ ತಮ್ಮ ಜೀವಕ್ಕಿಂತ ಕುದುರೆಯನ್ನೇ ಹೆಚ್ಚು ಕಾಪಾಡುತ್ತಿದ್ದರಂತೆ. ಶತ್ರು ಎದುರಿಗೆ, ಕಣ್ಣು ಕುದುರೆಯ ಕಾಲಿನ ಮೇಲೆ!

1807ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನಕ್ಕೆ ಇಂಗ್ಲಿಷರು ಹಾಕಿದ ಷರತ್ತು ಗೊತ್ತೇ? ಕರೆದಾಗ ಬರಲು 4000 ಕುದುರೆ ಸವಾರರು ಸದಾ ಸಿದ್ಧವಿರಬೇಕು. ಅವರೂ ಶಿಲೇದಾರರೇ!

ಇಲ್ಲಿಯವರೆಗೆ ಹೇಳಿದ ಸ್ವಿಸ್ಸರು ಕಾಲಾಳುಗಳು. ಸ್ವಿಸ್ ರಾವುತರು ಹೇಗಿದ್ದರು? ಕೇಳಿ, ಅವರೂ ನಮ್ಮ ಶಿಲೇದಾರರ ಥರವೇ! ಸ್ವಿಸ್ ಸೈನ್ಯದ ಕುದುರೆ ಇರುತ್ತಿದ್ದದ್ದು ಸೈನ್ಯದ ಲಾಯದಲ್ಲಲ್ಲ, ಸವಾರನ ಮನೆಯ ಕೊಟ್ಟಿಗೆಯಲ್ಲಿ! ಅರ್ಧ ಬೆಲೆ ಸವಾರನದು, ಅರ್ಧ ಸರ್ಕಾರದ್ದು.

ತರಬೇತಿಗೆ ಕರೆ ಬಂದರೆ ಜೀನು ಬಿಗಿದು ಹೊರಡಬೇಕು. ಮುಗಿದ ಮೇಲೆ ಅದೇ ಕುದುರೆ ಹೊಲಕ್ಕೆ! ಬೆಳಗ್ಗೆ ಗಳೆ ಹೊಡೆದ ಕುದುರೆಗೆ ಸಂಜೆ ಸೈನ್ಯದ ಲಗಾಮು. ಹೀಗಾಗಿ ಸವಾರರಲ್ಲಿ ಬಹುಪಾಲು ರೈತರೇ. ನಮ್ಮ ಕಡೆ ಮನೆಯ ಎತ್ತಿಗೆ ಸರ್ಕಾರವೇ ಅರ್ಧ ದುಡ್ಡು ಹಾಕಿದ್ದರೆ ಹೇಗಿರುತ್ತಿತ್ತು, ನೀವೇ ಹೇಳಿ!

ಈ ರಾವುತರ ಪಡೆ ಯಾವಾಗಿನವರೆಗೆ ಇತ್ತು ಗೊತ್ತೇ? 1972ರವರೆಗೆ! ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಮೂರು ವರ್ಷವಾಗಿತ್ತು. ಸ್ವಿಸ್ ಸೈನ್ಯ ಇನ್ನೂ ಕುದುರೆ ಏರಿ ಯುದ್ಧಕ್ಕೆ ತಯಾರಾಗುತ್ತಿತ್ತು. ಪಡೆ ಮುಚ್ಚಬೇಡಿ ಎಂದು 4 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಪಾರ್ಲಿಮೆಂಟು ಮುಚ್ಚಿಯೇ ಬಿಟ್ಟಿತು!

ಕುದುರೆ ಹೋಯಿತು, ಸೈಕಲ್ ಉಳಿಯಿತು! 1891ರಲ್ಲಿ ಶುರುವಾದ ಸ್ವಿಸ್ ಸೈಕಲ್ ಪಡೆ 2003ರವರೆಗೆ ಪೆಡಲ್ ತುಳಿಯಿತು.

ಅವರು ಮುಚ್ಚಿದರು. ನಾವು? ಜೈಪುರದಲ್ಲಿ ಭಾರತೀಯ ಸೈನ್ಯದ 61ನೇ ಅಶ್ವಪಡೆಯನ್ನು 1953ರಲ್ಲಿ ಕಟ್ಟಿದರು. ಹಳೆಯ ಸಂಸ್ಥಾನಗಳ ಕುದುರೆ ಪಡೆಗಳನ್ನು ಕೂಡಿಸಿ ಮಾಡಿದ ಪಡೆ ಅದು. ಅದರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಸೇರಿದೆ!

ಮೈಸೂರು ಲ್ಯಾನ್ಸರ್ಸ್ ಅಂದರೆ ಸುಮ್ಮನೆ ಅಲ್ಲ. ಮೊದಲ ಮಹಾಯುದ್ಧದ ಕಾಲ, 1918ರ ಸೆಪ್ಟೆಂಬರ್ 23. ಊರು ಹೈಫಾ, ಇವತ್ತಿನ ಇಸ್ರೇಲ್. ಎದುರಿಗೆ ತುರ್ಕರ ಮೆಷಿನ್‌ಗನ್ನು, ಬೆಟ್ಟದ ಮೇಲೆ ತೋಪು. ಇವರ ಕೈಯಲ್ಲಿ ಭರ್ಜಿ, ಕತ್ತಿ! ಜೋಧಪುರದ ಸವಾರರು ಊರಿಗೆ ನುಗ್ಗಿದರು, ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ತೋಪು ಹಿಡಿದರು. ಊರು ಕೈವಶ!

ದೆಹಲಿಯ ತೀನ್ ಮೂರ್ತಿ ಹೆಸರು ಕೇಳಿದ್ದೀರಿ. ಆ ಮೂರು ಮೂರ್ತಿ ಯಾರದು? ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ರಾವುತರದು! ದೆಹಲಿಗೆ ಹೋದಾಗ ಒಂದು ಮೂರ್ತಿಯ ಪಕ್ಕ ನಿಂತು ಧೈರ್ಯವಾಗಿ ಕನ್ನಡ ಮಾತಾಡಿ!

ಸ್ವಿಸ್ ರಾವುತರು ಯುದ್ಧಕ್ಕಿಂತ ಹೆಸರು ಮಾಡಿದ್ದು ಎಲ್ಲಿ? ಒಲಿಂಪಿಕ್ಸ್ ಅಂಗಳದಲ್ಲಿ! 1924ರ ಪ್ಯಾರಿಸ್‌ನಲ್ಲಿ ಲೆಫ್ಟಿನೆಂಟ್ ಅಲ್ಫಾನ್ಸ್ ಗೆಮುಸೆಯಸ್ ಕುದುರೆ ಜಿಗಿತದಲ್ಲಿ ಚಿನ್ನ ಗೆದ್ದ. ಕುದುರೆಯ ಹೆಸರು ಲುಸೆಟ್. ಅವನ ಊರು ಬಾಸೆಲ್! ಬಾಸೆಲ್ ಮಿಶನ್ನಿನಿಂದಾಗಿ ಆ ಊರಿನ ಹೆಸರು ನಮ್ಮ ಗುಳೇದಗುಡ್ಡದ ಹಿರಿಯರಿಗೂ ಬಾಯಿಪಾಠ. ಜಿಗಿತದಲ್ಲಿ ಇನ್ನೊಬ್ಬ ಸ್ವಿಸ್ ಸವಾರ ಚಿನ್ನ ಗೆಲ್ಲಲು 88 ವರ್ಷ ಹಿಡಿಯಿತು. 2012, ಲಂಡನ್, ಸ್ಟೀವ್ ಗೆರ್ಡಾ!

1948ರಲ್ಲಿ ಡ್ರೆಸಾಜ್ ಚಿನ್ನವೂ ಒಬ್ಬ ಸ್ವಿಸ್ ಕ್ಯಾಪ್ಟನ್‌ಗೇ, ಹಾನ್ಸ್ ಮೋಸರ್. ಡ್ರೆಸಾಜ್ ಅಂದರೆ ಕುದುರೆ ಸವಾರನ ಸನ್ನೆಯಂತೆ ನಾಜೂಕಾಗಿ ಹೆಜ್ಜೆ ಹಾಕುವ ಸ್ಪರ್ಧೆ. ಆಗಿನ ನಿಯಮ ವಿಚಿತ್ರ. ಸೈನಿಕನಾಗಿದ್ದರೆ ಸಾಲದು, ಅಧಿಕಾರಿಯೇ ಆಗಿರಬೇಕು!

ಸ್ವೀಡನ್ನಿನವರು ಒಂದು ಉಪಾಯ ಮಾಡಿದರು. ಅವರ ಒಳ್ಳೆಯ ಸವಾರ ಪರ್ಸನ್ ಬರೀ ಸಾರ್ಜೆಂಟ್. ಪಂದ್ಯದ ಮುಂಚೆ ಅವನಿಗೆ ಬಡ್ತಿ ಕೊಟ್ಟು ಅಧಿಕಾರಿ ಮಾಡಿದರು. ತಂಡ ಚಿನ್ನ ಗೆದ್ದಿತು. ಪಂದ್ಯ ಮುಗಿಯಿತು, ಬಡ್ತಿಯೂ ಮುಗಿಯಿತು, ಮತ್ತೆ ಸಾರ್ಜೆಂಟ್! ಗುಟ್ಟು ರಟ್ಟಾಗಿ ಮರುವರ್ಷ ಪದಕ ಕಸಿದುಕೊಂಡರು.

1952ಕ್ಕೆ ನಿಯಮ ಹೋಯಿತು. ಅದೇ ಮೂವರು ಸ್ವೀಡಿಷರು ಮತ್ತೆ ಬಂದು ಚಿನ್ನ ಹೊತ್ತೊಯ್ದರು, ಪರ್ಸನ್ ಸಮೇತ! ಸ್ವಿಸ್ಸರಿಗೆ ಬೆಳ್ಳಿ. ಅದೇ ವರ್ಷ ಹೆಂಗಸರಿಗೂ ಡ್ರೆಸಾಜ್ ಬಾಗಿಲು ತೆರೆಯಿತು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ಪೋಲಿಯೊದಿಂದ ಅವರಿಗೆ ಮೊಣಕಾಲಿನ ಕೆಳಗೆ ಸ್ವಾಧೀನವೇ ಇರಲಿಲ್ಲ!

ಇದು ಇನ್ನೂ ಮಜಾ. 1956ರ ಮೆಲ್ಬರ್ನ್ ಒಲಿಂಪಿಕ್ಸನ್ನು ಸ್ವಿಟ್ಜರ್ಲೆಂಡ್ ಬಹಿಷ್ಕರಿಸಿತು. ಆದರೂ ಆ ವರ್ಷದ ಪಟ್ಟಿಯಲ್ಲಿ ಸ್ವಿಸ್ಸರಿಗೆ ಒಂದು ಕಂಚು ಇದೆ! ಹೇಗೆ? ಪರದೇಶದ ಕುದುರೆಗಳನ್ನು ಒಳಗೆ ಬಿಡುವುದಕ್ಕೆ ಆಸ್ಟ್ರೇಲಿಯದ ನಿಯಮ ಬಹಳ ಬಿಗಿ. ಹೀಗಾಗಿ ಕುದುರೆ ಪಂದ್ಯಗಳನ್ನು ಮಾತ್ರ ಜೂನ್‌ನಲ್ಲೇ ಸ್ಟಾಕ್‌ಹೋಮ್‌ನಲ್ಲಿ ಮುಗಿಸಿದ್ದರು. ಸೋವಿಯತ್ ಸೈನ್ಯ ಹಂಗೆರಿಗೆ ನುಗ್ಗಿದ ಗಲಾಟೆ, ಅದನ್ನು ವಿರೋಧಿಸಿ ಬಹಿಷ್ಕಾರ ಎಲ್ಲ ಆಮೇಲಿನದು. ಅಷ್ಟರಲ್ಲಿ ಪದಕ ಮನೆ ಸೇರಿತ್ತು!

ಆ ಕಂಚಿನ ತಂಡದಲ್ಲಿದ್ದ ಆನ್ರಿ ಶಾಮಾರ್ತಾಂ ಮತ್ತು ಗುಸ್ಟಾವ್ ಫಿಷರ್ ಇಬ್ಬರೂ 1952ರಿಂದ 1968ರವರೆಗೆ ಒಂದನ್ನೂ ಬಿಡದೆ ಐದು ಒಲಿಂಪಿಕ್ಸ್ ಆಡಿದರು. 1964ರ ಟೋಕಿಯೊದಲ್ಲಿ ಶಾಮಾರ್ತಾಂಗೆ ಚಿನ್ನ!

ಮತ್ತೆ ಡಿ ಮ್ಯೂರಾನ್ ದಂಡು ಏನಾಯಿತು ಅಂತ ಕೇಳಲೇ ಇಲ್ಲವಲ್ಲ ನೀವು! 1806ರಲ್ಲಿ ಭಾರತ ಬಿಟ್ಟಿತು. ಮೆಡಿಟರೇನಿಯನ್ ಸಮುದ್ರದ ಕಡೆ ಕೆಲವು ವರ್ಷ. 1813ರಲ್ಲಿ ಹಡಗು ಹತ್ತಿ ಕೆನಡಾಕ್ಕೆ! ಕಾವೇರಿಯ ಬಿಸಿಲು ಕಂಡ ರೆಜಿಮೆಂಟು ಕೆನಡಾದ ಹಿಮದಲ್ಲಿ ಅಮೆರಿಕದವರ ಮೇಲೆ ಯುದ್ಧಕ್ಕೆ ನಿಂತಿತು.

1816ರಲ್ಲಿ ರೆಜಿಮೆಂಟು ವಿಸರ್ಜನೆ. ಕೆಲಸ ಹೋದ ಸುಮಾರು ನೂರು ಜನರನ್ನು ಲಾರ್ಡ್ ಸೆಲ್ಕರ್ಕ್ ಎಂಬ ಜಮೀನ್ದಾರ ಕೂಡಲೇ ಕೂಲಿಗೆ ಹಿಡಿದ. ತುಪ್ಪಳದ ವ್ಯಾಪಾರಿಗಳ ಜಗಳದಲ್ಲಿ ಅವನ ಪರ ಕೋಟೆ ಹಿಡಿದುಕೊಟ್ಟರು. ಸಂಬಳದ ಜೊತೆ ರೆಡ್ ನದಿಯ ದಂಡೆಯಲ್ಲಿ ಜಮೀನು! ಬಾಡಿಗೆ ಸೈನಿಕರು ರಾತ್ರೋರಾತ್ರಿ ರೈತರಾದರು.

ಜಮೀನು ಸಿಕ್ಕಿತು, ಮನೆಯೂ ಕಟ್ಟಿಕೊಂಡರು. ಹೆಣ್ಣು ಕೊಡುವವರು? 1821ರಲ್ಲಿ ಸ್ವಿಟ್ಜರ್ಲೆಂಡಿನಿಂದಲೇ ಒಂದಷ್ಟು ಕುಟುಂಬಗಳು ಅಲ್ಲಿಗೆ ವಲಸೆ ಬಂದವು. ನೆಲೆ ಇಲ್ಲದವರಿಗೆ ಈ ಬ್ರಹ್ಮಚಾರಿ ಸಿಪಾಯಿಗಳು ಮನೆ ಬಿಟ್ಟುಕೊಟ್ಟರು. ಆದರೆ ಮೊದಲ ಮರ್ಯಾದೆ ಯಾರಿಗೆ? ಹೆಣ್ಣುಮಕ್ಕಳಿರುವ ಮನೆಯವರಿಗೆ! ನೋಡನೋಡುತ್ತಿದ್ದಂತೆ ಮದುವೆಗಳೂ ಆದವು.

1826ರಲ್ಲಿ ರೆಡ್ ನದಿ ಉಕ್ಕಿ ಹರಿದು ಬೆಳೆ, ಮನೆ ಎಲ್ಲ ಹೊತ್ತೊಯ್ದಿತು. ಬಹುಪಾಲು ಜನ ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ಕಡೆ ಹೊರಟುಹೋದರು. ಹೆಸರು ಮಾತ್ರ ಹೋಗಲಿಲ್ಲ. ಕೆನಡಾದ ವಿನಿಪೆಗ್ ನಗರದಲ್ಲಿ ಇವತ್ತಿಗೂ ಒಂದು ಬೀದಿ ಇದೆ, ಹೆಸರು ಡಿ ಮ್ಯೂರಾನ್ ಬೀದಿ! ಆ ಕಡೆ ಯಾರಾದರೂ ನಿಮ್ಮ ಮನೆಯ ಮಕ್ಕಳಿದ್ದರೆ ಒಂದು ಫೋಟೊ ಕಳಿಸಲು ಹೇಳಿ!